ಅಗ್ರೀಯಬಲ್ ಗ್ರೇ, ರಿಪೋಸ್ ಗ್ರೇ: ಮೂರು ವರ್ಷ ಗೋಡೆ ಮೇಲಿದ್ದ ಮೇಲೆ

ಅಮ್ಮ ಮೈಸೂರಿನಿಂದ ಡಾಲಸ್‌ಗೆ ಬಂದವರು ಹಾಲ್ ನೋಡಿದರು, ಬೆಡ್‌ರೂಮ್ ನೋಡಿದರು. "ಎಲ್ಲಾ ಒಂದೇ ಸಿಮೆಂಟ್ ಬಣ್ಣ. ಇದಕ್ಕೆ ಎರಡೆರಡು ಹೆಸರು ಬೇರೆ ಕೇಡು!" ಎಂದರು. ಡಬ್ಬದ ಮುಚ್ಚಳ ತೆಗೆದಾಗ ನನಗೂ ಹಾಗೇ ಅನ್ನಿಸಿತ್ತು.

ಎರಡೂ ಅಮೆರಿಕದ ಪೇಂಟ್ ಕಂಪನಿ ಶೆರ್ವಿನ್ ವಿಲಿಯಮ್ಸ್‌ನ ಗೋಡೆ ಬಣ್ಣಗಳು. ಅಗ್ರೀಯಬಲ್ ಗ್ರೇ, ನಂಬರ್ 7029, ಎಲ್‌ಆರ್‌ವಿ 60. ರಿಪೋಸ್ ಗ್ರೇ, ನಂಬರ್ 7015, ಎಲ್‌ಆರ್‌ವಿ 58. ಎಲ್‌ಆರ್‌ವಿ ಅಂದರೆ ಗೋಡೆ ಎಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಎಂಬ ಅಳತೆ. ಸೊನ್ನೆ ಕಡುಕಪ್ಪು, 100 ಅಚ್ಚ ಬಿಳಿ. 60ಕ್ಕೂ 58ಕ್ಕೂ ವ್ಯತ್ಯಾಸ ನನ್ನ ಕಣ್ಣಿಗಂತೂ ಕಾಣಲಿಲ್ಲ. ಕಾಣುವುದು ಬೂದು ಬಣ್ಣದ ಹಿಂದೆ ಅಡಗಿರುವ ಇನ್ನೊಂದು ಬಣ್ಣ.

ಹಾಲ್‌ಗೆ ದಕ್ಷಿಣದ ಬಿಸಿಲು. ಅಲ್ಲಿ ಅಗ್ರೀಯಬಲ್ ಹೊಡೆಸಿದೆ. ಹಗಲೆಲ್ಲ ಮರಳಿನ ಬಣ್ಣ, ಸಂಜೆ ಹಳದಿ ದೀಪದಲ್ಲಿ ತುಸು ಕೆನೆ. ತೇಗದ ದೇವರ ಮಂಟಪದ ಪಕ್ಕ ಚೆನ್ನಾಗಿ ಒಪ್ಪಿತು. ಈವರೆಗೂ ಬೇಸರ ಬಂದಿಲ್ಲ.

ಬೆಡ್‌ರೂಮ್ ಕಿಟಕಿ ಉತ್ತರಕ್ಕೆ. ಬರುವ ಬೆಳಕೇ ತಣ್ಣಗೆ, ಸ್ವಲ್ಪ ನೀಲಿ. ಅಲ್ಲಿ ರಿಪೋಸ್. ಮೋಡ ಕವಿದ ಮಧ್ಯಾಹ್ನ ನೋಡಿದರೆ, ನೇರಳೆ ಹಣ್ಣು ತಿಂದು ಬಾಯಿ ಮುಕ್ಕಳಿಸಿದ ನೀರನ್ನು ಗೋಡೆಗೆ ಎರಚಿದ ಹಾಗೆ! ಬಣ್ಣದ ತಪ್ಪಲ್ಲ, ನನ್ನದೇ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಅಂಗೈಯಷ್ಟು ಕಾಗದದ ತುಂಡು ನೋಡಿ ತೀರ್ಮಾನ ಮಾಡಿಬಿಟ್ಟಿದ್ದೆ. ಸ್ಯಾಂಪಲ್ ತಂದು, ದೊಡ್ಡ ರಟ್ಟಿಗೆ ಎರಡು ಕೋಟ್ ಹೊಡೆದು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಗೋಡೆಗೆ ಒರಗಿಸಿ ನೋಡಬೇಕಿತ್ತು. ಬಿಳಿ ಗೋಡೆ ಮೇಲೇ ನೇರ ಹಚ್ಚಿದರೆ ಸುತ್ತಲಿನ ಬಿಳಿ ಕಣ್ಣಿಗೆ ಮೋಸ ಮಾಡುತ್ತದೆ. ಬಿಳಿ ಬೆಳಕಿನ 4000 ಕೆಲ್ವಿನ್ ಬಲ್ಬ್ ತೆಗೆದು ಹಳದಿ ಬೆಳಕಿನ 2700ರದ್ದು ಹಾಕಿದ ಮೇಲೆ ರಾತ್ರಿ ಹೊತ್ತು ಸರಿಹೋಯಿತು. ಹಗಲಿಗೆ ಏನೂ ಮಾಡಲಾಗಲಿಲ್ಲ.

ಇನ್ನು ಬಾಳಿಕೆ. ಅದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ, ಹೊಳಪಿಗೆ ಸಂಬಂಧ. ಅಡುಗೆಮನೆಗೂ ಅಗ್ರೀಯಬಲ್ಲೇ, ಆದರೆ ತುಸು ಹೊಳಪಿನ ಸ್ಯಾಟಿನ್. ಒಗ್ಗರಣೆ ಸಿಡಿದದ್ದು ಒದ್ದೆ ಬಟ್ಟೆಗೆ ಬರುತ್ತದೆ. ಅರಿಶಿನ ಮಾತ್ರ ಒಣಗಿದರೆ ಕಲೆ ಉಳಿದೇ ಬಿಡುತ್ತದೆ. ಹಾಲ್‌ನಲ್ಲಿ ಹೊಳಪಿಲ್ಲದ ಮ್ಯಾಟ್. ಮಗಳ ಕೈ ಗುರುತು ಉಜ್ಜಿದ ಜಾಗ ಮಿರಮಿರ ಅನ್ನುತ್ತದೆ, ಅಡ್ಡ ಬೆಳಕಿನಲ್ಲಿ ಜಾಸ್ತಿ.

ಉಳಿದ ಒಂದು ಗ್ಯಾಲನ್ ರಿಪೋಸ್ ಎಸೆದಿಲ್ಲ. ಪಶ್ಚಿಮದ ಓದುವ ಕೋಣೆಯಲ್ಲಿ ರಟ್ಟು ಒರಗಿಸಿದ್ದೇನೆ. ನಾಲ್ಕು ದಿನವಾಯಿತು, ನೇರಳೆ ಇನ್ನೂ ಕಂಡಿಲ್ಲ.