ಎಂ.ಟೆಕ್, ಎನ್‌ಪಿಟೆಲ್, ಎಂಐಟಿ: ಒಂದೇ ವಿಷಯವನ್ನು ಮೂರು ಕಡೆ ಓದಿದೆ

ಚಿಕ್ಕಪ್ಪನ ಮಗ ಈ ವರ್ಷ ಬಿ.ಇ. ಮುಗಿಸಿದ. ಹೋದ ವಾರ ಫೋನ್ ಮಾಡಿ, "ಅಕ್ಕ, ಎಂ.ಟೆಕ್ ಸೇರ್ಲಾ, ಇಲ್ಲಾ ಮನೇಲೇ ಕೂತು ಆನ್‌ಲೈನ್ ಕೋರ್ಸ್ ಮಾಡ್ಲಾ?" ಅಂತ ಕೇಳಿದ. ಫೋನಲ್ಲಿ ಹೇಳಿ ಮುಗಿಯುವ ಮಾತಲ್ಲ. ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ (ಹಲವು ಕಂಪ್ಯೂಟರ್‌ಗಳು ಸೇರಿ ಒಂದಾಗಿ ಕೆಲಸ ಮಾಡುವ ವ್ಯವಸ್ಥೆ) ಅನ್ನೋ ಒಂದೇ ವಿಷಯವನ್ನು ನಾನು ಮೂರು ಸಲ ಓದಿದ್ದೇನೆ. ನಮ್ಮ ಜಿಲ್ಲೆಯ ಒಂದು ಕಾಲೇಜಿನಲ್ಲಿ ಎಂ.ಟೆಕ್ ಮಾಡುವಾಗ ಒಮ್ಮೆ, ಕೆಲಸಕ್ಕೆ ಸೇರಿದ ಮೇಲೆ ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟೆಲ್‌ನಲ್ಲಿ ಒಮ್ಮೆ, ಆಮೇಲೆ ಹಾಸನದ ಮನೆಯಲ್ಲೇ ಕೂತು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕೋರ್ಸ್ ಒಮ್ಮೆ.

ಮೂರನ್ನೂ ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ. ನಾನು ತಪ್ಪು ತಿಳಿದುಕೊಂಡಿದ್ದರೆ ಅದನ್ನು ನನಗೆ ಹೇಳುವವರು ಯಾರು?

ಎಂ.ಟೆಕ್‌ನಲ್ಲಿ ಗೈಡ್ ಸರ್ ಇದ್ದರು. ಸೆಮಿನಾರ್‌ಗೆ ನಾನು ರಾಫ್ಟ್ ಪೇಪರ್ ತೆಗೆದುಕೊಂಡಿದ್ದೆ. ಹಲವು ಕಂಪ್ಯೂಟರ್‌ಗಳು ಸೇರಿ ಒಂದೇ ಲೆಕ್ಕವನ್ನು ತಪ್ಪಿಲ್ಲದೆ ಇಟ್ಟುಕೊಳ್ಳುವುದು ಹೇಗೆ ಅಂತ ಡಿಯಾಗೋ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ 2014ರಲ್ಲಿ ಬರೆದ ಪೇಪರ್ ಅದು. ಸ್ಲೈಡ್ ಎಲ್ಲಾ ಚೆನ್ನಾಗಿ ಮಾಡಿದ್ದೆ. ಸರ್ ಎದ್ದು ಬಂದು ಬೋರ್ಡ್ ಮೇಲೆ ಐದು ಕಂಪ್ಯೂಟರ್ ಅಂತ ಐದು ಸೊನ್ನೆ ಬರೆದರು, ಎರಡನ್ನು ಅಂಗೈಯಿಂದ ಒರೆಸಿದರು. "ಎರಡು ಸತ್ತವಮ್ಮ. ಉಳಿದ ಮೂರು ಒಪ್ಪಿಕೊಂಡವು. ಆಮೇಲೆ ಆ ಎರಡೂ ಎದ್ದು ಬಂದು ಬೇರೆ ಮಾತು ಹೇಳಿದ್ರೆ?" ನನಗೆ ಉತ್ತರ ಬರಲಿಲ್ಲ. ಅವರು ಬಿಡಲೂ ಇಲ್ಲ. ಕೊನೆಗೆ ನನ್ನ ಕೈಗೇ ಸೀಮೆಸುಣ್ಣ ಕೊಟ್ಟು, ಐದರಲ್ಲಿ ಮೂರು ಮೂರರ ಗುಂಪುಗಳನ್ನು ಸುತ್ತು ಹಾಕಿಸಿದರು. ಹೇಗೆ ಹಾಕಿದರೂ ಎರಡು ಗುಂಪಿನ ನಡುವೆ ಒಂದು ಸೊನ್ನೆಯಾದರೂ ಸೇರಿಕೊಳ್ಳುತ್ತದೆ. ಹಳೆಯ ನಿರ್ಧಾರ ಗೊತ್ತಿರುವ ಒಬ್ಬರು ಹೊಸ ಗುಂಪಿನಲ್ಲೂ ಇದ್ದೇ ಇರುತ್ತಾರೆ. ಬಹುಮತ ಯಾಕೆ ಬೇಕು ಅಂತ ಅವತ್ತು ಅರ್ಥವಾದದ್ದು ಇವತ್ತಿಗೂ ಮರೆತಿಲ್ಲ.

ಅಂಥ ದಿನಗಳು ಎರಡು ವರ್ಷದಲ್ಲಿ ಕೈಬೆರಳಲ್ಲಿ ಎಣಿಸುವಷ್ಟು. ಉಳಿದಂತೆ ಲ್ಯಾಬ್ ರೆಕಾರ್ಡ್ ಬರೆದದ್ದೇ ಜಾಸ್ತಿ. ಪ್ರೋಗ್ರಾಂ ಒಮ್ಮೆ ಓಡಿದರೆ ಸಹಿ ಸಿಗುತ್ತಿತ್ತು. ಮಧ್ಯದಲ್ಲಿ ಒಂದು ಕಂಪ್ಯೂಟರ್ ಆಫ್ ಮಾಡಿ ನೋಡಿ ಅಂತ ಯಾರೂ ಹೇಳಲಿಲ್ಲ.

ಎನ್‌ಪಿಟೆಲ್ ಶಿಸ್ತಿನ ವಿಷಯದಲ್ಲಿ ತುಂಬಾ ಒಳ್ಳೆಯದು. ಪಾಠ ಉಚಿತ, ಪರೀಕ್ಷೆ ಬರೆಯುವುದಾದರೆ ನಾನು ಕಟ್ಟಿದ್ದು ಸಾವಿರ ರೂಪಾಯಿ. ನನ್ನದು ಎಂಟು ವಾರದ ಕೋರ್ಸ್. ವಾರಕ್ಕೊಂದು ಅಸೈನ್‌ಮೆಂಟ್, ಅದರಲ್ಲಿ ಚೆನ್ನಾಗಿ ಬಂದ ಆರಕ್ಕೆ 25 ಅಂಕ, ಕೊನೆಯ ಪರೀಕ್ಷೆಗೆ 75. ಆಫೀಸ್ ಕೆಲಸ ಮುಗಿಸಿ ರಾತ್ರಿ ಊಟವಾದ ಮೇಲೆ ಪಾಠ ಕೇಳುತ್ತಿದ್ದೆ. ಎಂ.ಟೆಕ್‌ನಲ್ಲಿ ಅರ್ಧಂಬರ್ಧ ಬಿಟ್ಟಿದ್ದ ಲಾಜಿಕಲ್ ಕ್ಲಾಕ್, ಸ್ನ್ಯಾಪ್‌ಶಾಟ್ ಅನ್ನೋ ಪಾಠ ಎಲ್ಲಾ ಇಲ್ಲಿ ಸರಿಯಾಗಿ ತಲೆಗೆ ಹೋಯಿತು. ನನಗೆ ಸಿಕ್ಕ ಪರೀಕ್ಷಾ ಕೇಂದ್ರ ಮೈಸೂರು. ಅಕ್ಟೋಬರ್ ಕೊನೆ, ಹಾಸನಾಂಬೆ ಬಾಗಿಲು ತೆರೆದಿದ್ದ ಸಮಯ. ಇಡೀ ನಾಡೇ ನಮ್ಮೂರಿಗೆ ಬರುತ್ತಿದ್ದಾಗ ನಾನು ಬೆಳಗಿನ ಜಾವದ ಬಸ್ ಹಿಡಿದು ಊರು ಬಿಟ್ಟೆ. 71 ಬಂತು, ಎಲೈಟ್ ಸರ್ಟಿಫಿಕೇಟ್ ಸಿಕ್ಕಿತು.

ಆದರೆ ನಾಲ್ಕು ಉತ್ತರದಲ್ಲಿ ಒಂದು ಆರಿಸುವ ಪ್ರಶ್ನೆಗಳಲ್ಲಿ ಊಹೆ ಮಾಡಿದರೂ ಅಂಕ ಬರುತ್ತದೆ. ಗಡುವು ಮುಗಿದ ಮೇಲೆ ಸರಿ ಉತ್ತರ ಕಾಣಿಸುತ್ತದೆ ನಿಜ. ನಾನು ಯಾಕೆ ತಪ್ಪಿದೆ ಅನ್ನೋದನ್ನು ಮಾತ್ರ ನಾನೇ ಹುಡುಕಿಕೊಳ್ಳಬೇಕಿತ್ತು.

ಇನ್ನು ಎಂಐಟಿ. ಕೋರ್ಸಿನ ಹಳೇ ನಂಬರ್ 6.824, ಈಗ 6.5840. 2020ರ ಪಾಠಗಳು ಯೂಟ್ಯೂಬ್‌ನಲ್ಲಿವೆ, ಪಾಠ ಮಾಡಿದವರು ರಾಬರ್ಟ್ ಮಾರಿಸ್. 1988ರಲ್ಲಿ ಇಂಟರ್ನೆಟ್ಟನ್ನೇ ಅಲ್ಲಾಡಿಸಿದ ವರ್ಮ್ (ಕಂಪ್ಯೂಟರಿಂದ ಕಂಪ್ಯೂಟರಿಗೆ ತಾನೇ ಹರಡುವ ಪ್ರೋಗ್ರಾಂ) ಬರೆದವರು ಇವರೇ. ಎಷ್ಟು ಸಮಾಧಾನದಿಂದ ಹೇಳಿಕೊಡುತ್ತಾರೆ ಅಂದರೆ, ಪಕ್ಕದಲ್ಲೇ ಕೂತು ಮಾತಾಡಿದ ಹಾಗಿರುತ್ತದೆ. ಆದರೂ ಈ ಕೋರ್ಸಿನ ಜೀವ ಇರುವುದು ಲ್ಯಾಬ್‌ಗಳಲ್ಲಿ. ಗೋ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೊದಲು ದೊಡ್ಡ ಲೆಕ್ಕವನ್ನು ಹಲವು ಕಂಪ್ಯೂಟರ್‌ಗಳಿಗೆ ಹಂಚುವ ಮ್ಯಾಪ್‌ರೆಡ್ಯೂಸ್, ಆಮೇಲೆ ರಾಫ್ಟನ್ನು ನಾವೇ ಬರೆಯಬೇಕು. ಅವರು ಕೊಟ್ಟಿರುವ ಟೆಸ್ಟ್‌ಗಳು ಸಂದೇಶಗಳನ್ನು ಕಳೆಯುತ್ತವೆ, ತಡ ಮಾಡುತ್ತವೆ, ಹಿಂದೆ ಮುಂದೆ ಮಾಡುತ್ತವೆ, ಸರ್ವರ್‌ಗಳನ್ನು ಬೀಳಿಸಿ ಎಬ್ಬಿಸುತ್ತವೆ.

ನನ್ನ ಕೋಡ್ ಇಪ್ಪತ್ತು ಸಲದಲ್ಲಿ ಹತ್ತೊಂಬತ್ತು ಸಲ ಪಾಸಾಗುತ್ತಿತ್ತು. ಇನ್ನೊಂದು ಸಲ, ಒಪ್ಪಂದಕ್ಕೆ ಬರಲಿಲ್ಲ ಅಂತ ಒಂದೇ ಸಾಲು ಬಂದು ನಿಂತುಬಿಡುತ್ತಿತ್ತು. ಒಂಬತ್ತು ದಿನ ಹುಡುಕಿದೆ. ಮಳೆಗಾಲ ಬೇರೆ, ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿ ಇರುವಷ್ಟು ಹೊತ್ತು. ಕೊನೆಗೆ ಸಿಕ್ಕಿತು. ರಾಫ್ಟ್‌ನಲ್ಲಿ ಒಂದು ಸರ್ವರ್ ನಾಯಕ; ಅದರ ಸದ್ದು ಸ್ವಲ್ಪ ಹೊತ್ತು ಕೇಳದಿದ್ದರೆ ಬೇರೊಂದು ಸರ್ವರ್ ಚುನಾವಣೆಗೆ ನಿಲ್ಲುತ್ತದೆ. ಆ ಹೊತ್ತನ್ನು ಅಳೆಯುವ ಟೈಮರನ್ನು, ಬೇರೆ ಸರ್ವರ್ ಮತ ಕೇಳಿದಾಗ ತಾನು ಮತ ಕೊಟ್ಟರೆ ಮಾತ್ರ ಮೊದಲಿಂದ ಶುರು ಮಾಡಬೇಕು. ನನ್ನ ಕೋಡ್ ಮತ ಕೊಡದಿದ್ದರೂ ಶುರು ಮಾಡುತ್ತಿತ್ತು. ಅದರಿಂದ ಗೆಲ್ಲಲು ಯೋಗ್ಯತೆಯಿಲ್ಲದ ಸರ್ವರ್ ಮತ್ತೆ ಮತ್ತೆ ಮತ ಕೇಳಿಕೊಂಡು, ಯೋಗ್ಯತೆ ಇದ್ದದ್ದಕ್ಕೆ ನಿಲ್ಲಲೂ ಅವಕಾಶ ಕೊಡುತ್ತಿರಲಿಲ್ಲ. ಈ ನಿಯಮ ಪೇಪರಿನ ಎರಡನೇ ಚಿತ್ರದಲ್ಲೇ ಇದೆ. ಅದೇ ಚಿತ್ರವನ್ನು ನಾನು ಎಂ.ಟೆಕ್ ಸೆಮಿನಾರ್‌ನಲ್ಲಿ ಸ್ಲೈಡ್ ಮಾಡಿ ಎಲ್ಲರಿಗೂ ತೋರಿಸಿದ್ದೆ!

ತಪ್ಪು ಹಿಡಿಯುವುದರಲ್ಲಿ ಎಂಐಟಿ ಲ್ಯಾಬ್‌ಗೆ ಸಾಟಿ ಇಲ್ಲ. ದುಡ್ಡೂ ಬೇಡ. ಆದರೆ ಸರ್ಟಿಫಿಕೇಟ್ ಇಲ್ಲ, ಸಿಕ್ಕಿಹಾಕಿಕೊಂಡಾಗ ಕೇಳಲು ಮನುಷ್ಯರಿಲ್ಲ. ಅವತ್ತು ಬೋರ್ಡ್ ಮೇಲೆ ಸೊನ್ನೆ ಸುತ್ತದೇ ಇದ್ದಿದ್ದರೆ ನಾನು ಎರಡನೇ ದಿನವೇ ಬಿಟ್ಟುಬಿಡುತ್ತಿದ್ದೆ ಅನ್ನಿಸುತ್ತದೆ.

ಅದಕ್ಕೇ ತಮ್ಮನಿಗೆ ಹೇಳಿದ್ದು: ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಎಂ.ಟೆಕ್ ಬೇಕೇ ಬೇಕು, ಬೇರೆ ದಾರಿ ಹುಡುಕಬೇಡ. ಗೇಟ್ ಪ್ರವೇಶ ಪರೀಕ್ಷೆ ಬರೆದು ಸೇರು. ಗೇಟ್ ಪಾಸಾಗಿ ಸೇರಿದವರಿಗೆ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇ ತಿಂಗಳಿಗೆ 12,400 ರೂಪಾಯಿ ಕೊಡುತ್ತದೆ. ನಾನು ಗೇಟ್ ಇಲ್ಲದೆ ರಾಜ್ಯದ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಸೇರಿ, ಎರಡು ವರ್ಷ ಖರ್ಚಿಗೆ ಅಪ್ಪನ ಹತ್ತಿರ ಕೈಚಾಚಿದೆ. ಕೆಲಸಕ್ಕೆ ಹೋಗುವುದಾದರೆ ಮೊದಲು ಎನ್‌ಪಿಟೆಲ್ ಮುಗಿಸು, ಅದರ ಬೆನ್ನಿಗೇ ಎಂಐಟಿ ಲ್ಯಾಬ್ ಹಿಡಿ. ಎನ್‌ಪಿಟೆಲ್ ಸರ್ಟಿಫಿಕೇಟ್ ಬಂದ ಕೂಡಲೇ ನಿಲ್ಲಿಸಬೇಡ.

ಇನ್ನೂ ಯೋಚಿಸುತ್ತಿದ್ದಾನೆ. ಭಾನುವಾರ ಅರಸೀಕೆರೆಯಿಂದ ಮನೆಗೆ ಬರುತ್ತಾನೆ. ಬರುವಾಗ ಲ್ಯಾಪ್‌ಟಾಪ್‌ಗೆ ಗೋ ಹಾಕಿಕೊಂಡು ಬಾ ಅಂದಿದ್ದೇನೆ. ಮೊದಲನೇ ಲ್ಯಾಬ್ ಇಬ್ಬರೂ ಕೂತು ಶುರು ಮಾಡುತ್ತೇವೆ.