ಪೋಸ್ಟ್‌ಕ್ರಾಸಿಂಗ್: ಸದಸ್ಯರೇನೋ 8 ಲಕ್ಷ, ನಮ್ಮ ಕಾರ್ಡ್ ಎತ್ತಿಕೊಳ್ಳುವವರು ಎಷ್ಟು?

ಪೋಸ್ಟ್‌ಕ್ರಾಸಿಂಗ್ ಅಂದರೆ ಗುರುತಿಲ್ಲದವರ ಜೊತೆ ಪೋಸ್ಟ್‌ಕಾರ್ಡ್ ಕಳಿಸಿ ಪಡೆಯುವ ಒಂದು ವೆಬ್‌ಸೈಟು. ಅದು ಹೇಗೆ ನಡೆಯುತ್ತದೆ ಅಂತ ಉದ್ದಕ್ಕೆ ಹೇಳುವುದಿಲ್ಲ. ಸೇರಬೇಕು ಅಂತಿರುವವರು ಅದನ್ನೆಲ್ಲ ಆಗಲೇ ನೋಡಿರುತ್ತೀರಿ. ಸೈಟಿನಲ್ಲಿ ವಿಳಾಸ ಕೇಳಬೇಕು, ಜೊತೆಗೆ ಕಾರ್ಡಿನ ಮೇಲೆ ಬರೆಯಲು ಒಂದು ನಂಬರ್ ಸಿಗುತ್ತದೆ. ಗುರುತಿಲ್ಲದ ಒಬ್ಬರಿಗೆ ಚಿತ್ರದ ಕಾರ್ಡ್ ಹಾಕಬೇಕು. ಅದು ಮುಟ್ಟಿ, ಅವರು ಆ ನಂಬರನ್ನು ಸೈಟಿನಲ್ಲಿ ಹಾಕಿ ರಿಜಿಸ್ಟರ್ ಮಾಡಿದರೆ ನಮ್ಮ ವಿಳಾಸ ಇನ್ಯಾರಿಗೋ ಹೋಗುತ್ತದೆ, ಅವರು ನಮಗೆ ಕಳಿಸುತ್ತಾರೆ. ಸದಸ್ಯತ್ವಕ್ಕೆ ದುಡ್ಡಿಲ್ಲ. ನಾನು ಕೋವಿಡ್‌ಗೂ ಮುಂಚಿನಿಂದ ಇದರಲ್ಲಿದ್ದೇನೆ. ಈ ವಿಮರ್ಶೆ ಬರೆಯಲು ಕಾರಣ ಒಂದೇ, ಸೇರಿ ಸುಮ್ಮನಾಗಿಬಿಡುವ ಸದಸ್ಯರು. ಇಷ್ಟು ಚೆಂದದ ಹವ್ಯಾಸದಲ್ಲಿ ನನಗೆ ಬೇಸರ ತರಿಸಿದ್ದು ಅದೊಂದೇ.

ಮೊದಲು ಚೆಂದದ್ದನ್ನೇ ಹೇಳುತ್ತೇನೆ.

ಭಾನುವಾರ ಊಟ ಮುಗಿದ ಮೇಲೆ ಎರಡು ವಿಳಾಸ ತೆಗೆಯುತ್ತೇನೆ. ಎರಡಕ್ಕಿಂತ ಜಾಸ್ತಿ ಇಲ್ಲ. ಬಂದ ಹೆಸರಿನ ಪರಿಚಯದ ಪುಟವನ್ನು ನಿಧಾನಕ್ಕೆ ಓದುತ್ತೇನೆ. ಒಬ್ಬರಿಗೆ ಹಳೆಯ ರೈಲುಗಳ ಚಿತ್ರ ಬೇಕು. ಇನ್ನೊಬ್ಬರಿಗೆ ನಿಮ್ಮ ಮನೆಯ ಅಡುಗೆ ಏನು ಅಂತ ತಿಳಿಯಬೇಕು. ಧಾರವಾಡದಲ್ಲಿ ಚಿತ್ರದ ಕಾರ್ಡ್ ಮಾರುವ ಅಂಗಡಿ ಹುಡುಕಿದರೂ ಸಿಗುವುದಿಲ್ಲ. ಹಂಪಿ, ಬಾದಾಮಿಗೆ ಹೋದವರ ಕೈಲಿ ತರಿಸುತ್ತೇನೆ. ಬೆಂಗಳೂರಿಗೆ ಹೋದಾಗ ಜಿಪಿಒದ ಸ್ಟಾಂಪ್ ಬ್ಯೂರೋಗೆ ಹೋಗದೆ ವಾಪಸ್ ಬರುವುದಿಲ್ಲ. ಉಳಿದಂತೆ ನಾನೇ ತೆಗೆದ ಫೋಟೋಗಳು. ಸಾಧನಕೇರಿಯ ನೀರು, ಮಳೆಗಾಲದ ಕರ್ನಾಟಕ ಕಾಲೇಜಿನ ಕಟ್ಟಡ, ಪೇಡಾ ಹುರಿಯುವ ಕಡಾಯಿ. ಇವನ್ನು ಸ್ಟುಡಿಯೋದಲ್ಲಿ ದಪ್ಪ ಹಾಳೆಯ ಮೇಲೆ ಪ್ರಿಂಟ್ ಹಾಕಿಸುತ್ತೇನೆ. ಹೊರದೇಶದವರು ಹಂಪಿಯ ಕಲ್ಲಿನ ರಥಕ್ಕಿಂತ ಪೇಡಾ ಕಡಾಯಿಯ ಬಗ್ಗೆಯೇ ಜಾಸ್ತಿ ಕೇಳುತ್ತಾರೆ.

ಸ್ಟಾಂಪಿನ ವಿಷಯದಲ್ಲಿ ನಾನು ಸ್ವಲ್ಪ ಹಟದವಳು. 2014ರಲ್ಲಿ ಅಂಚೆ ಇಲಾಖೆ ಎಂಟು ಸಂಗೀತಗಾರರ ಸ್ಟಾಂಪ್ ತಂದಿತ್ತು. ಎಂಟರಲ್ಲಿ ನಾಲ್ವರು ನಮ್ಮ ಕಡೆಯವರು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಕುಮಾರ ಗಂಧರ್ವ. ಆಗಲೇ ಹಾಳೆಗಟ್ಟಲೆ ತೆಗೆದಿಟ್ಟುಕೊಂಡಿದ್ದೆ. ಇವತ್ತಿಗೂ ಪ್ರತಿ ಕಾರ್ಡಿನ ಮೇಲೆ ಆ ನಾಲ್ವರಲ್ಲಿ ಒಬ್ಬರು ಇರಲೇಬೇಕು. ಕಡಿಮೆ ಬಿದ್ದ ದರವನ್ನು ಬೇರೆ ಸ್ಟಾಂಪ್ ಹಚ್ಚಿ ತುಂಬುತ್ತೇನೆ. ಜಾಗ ಸಾಲದೆ ಬರೆಯುವುದನ್ನೇ ಕಡಿಮೆ ಮಾಡಿದ್ದೂ ಉಂಟು.

ಸೋಮವಾರ ಕಾಲೇಜಿಗೆ ಹೋಗುವ ದಾರಿಯಲ್ಲಿ ಅಂಚೆ ಕಚೇರಿ. ಡಬ್ಬಿಗೆ ಹಾಕುವುದಿಲ್ಲ, ಕೌಂಟರಿನಲ್ಲೇ ಕೊಡುತ್ತೇನೆ. ದುಂಡನೆಯ ಸೀಲು ಸ್ಟಾಂಪಿನ ಅಂಚಿಗೆ ಬೀಳಬೇಕು, ಮುಖದ ಮೇಲಲ್ಲ. ಧಾರವಾಡ ಅಂತ ಓದಲು ಬರಬೇಕು. ಸೀಲ್ ಹೊಡೆಯುವವರಿಗೂ ಈಗ ಇದು ರೂಢಿ. ಒತ್ತುವ ಮೊದಲು ಸೀಲನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾರೆ, ಕಾರ್ಡನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಇನ್ನೊಂದು, ಐಎನ್ ಅಂತ ಶುರುವಾಗುವ ಕಾರ್ಡಿನ ನಂಬರನ್ನು ಎರಡು ಕಡೆ ಬರೆಯಿರಿ. ಬಾಲ್‌ಪೆನ್ನಿನಲ್ಲೇ ಬರೆಯಿರಿ. ಜೆಲ್ ಪೆನ್ ಮಳೆಗೆ ಉಳಿಯುವುದಿಲ್ಲ. ನಂಬರ್ ಅಳಿಸಿದರೆ ಕಾರ್ಡ್ ತಲುಪಿದರೂ ರಿಜಿಸ್ಟರ್ ಮಾಡುವುದು ಕಷ್ಟ.

ಬರುವ ಕಾರ್ಡಿನ ಖುಷಿ ಇನ್ನೊಂದು ಬಗೆಯದು. ಪೋಸ್ಟ್‌ಮ್ಯಾನ್ ಗೇಟಿನ ಹತ್ತಿರವೇ ಕೂಗುತ್ತಾರೆ, "ಅಕ್ಕಾರ, ಇವತ್ತ ಫಾರಿನ್‌ದ ಎರಡ ಬಂದಾವ ನೋಡ್ರಿ." ಚಿತ್ರದ ಕಡೆ ಅವರು ಆಗಲೇ ನೋಡಿರುತ್ತಾರೆ. ಯಾವ ದೇಶ ಅಂತ ಅವರೇ ಹೇಳುತ್ತಾರೆ, ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ.

ಇನ್ನು ಬೇಸರಕ್ಕೆ ಬರುತ್ತೇನೆ.

ಪೋಸ್ಟ್‌ಕ್ರಾಸಿಂಗ್ ಶುರುವಾಗಿದ್ದು 2005ರ ಜುಲೈ 14ರಂದು. ಪಾವ್ಲೊ ಮಗಲ್ಯಾಯಿಶ್ ಎಂಬ ಪೋರ್ಚುಗಲ್‌ನ ವಿದ್ಯಾರ್ಥಿ ಕಟ್ಟಿದ್ದು. ಮೊದಮೊದಲು ಸೈಟು ಓಡುತ್ತಿದ್ದ ಕಂಪ್ಯೂಟರ್ ಮನೆಯ ಬಟ್ಟೆ ಕಪಾಟಿನಲ್ಲಿತ್ತಂತೆ. 2008ರ ಏಪ್ರಿಲ್‌ಗೆ 10 ಲಕ್ಷ ಕಾರ್ಡ್ ಮುಟ್ಟಿದವು. 2012ರ ಜನವರಿಗೆ 1 ಕೋಟಿ. ಈಗ 7 ಕೋಟಿ ದಾಟಿ ಎಷ್ಟೋ ಕಾಲವಾಯಿತು. ಸದಸ್ಯರ ಸಂಖ್ಯೆ 8 ಲಕ್ಷದ ಆಸುಪಾಸಿನಲ್ಲಿದೆ. ಓದಿದರೆ ಎದೆ ತುಂಬುತ್ತದೆ. ಆದರೆ ನನ್ನ ಕೈಗೆ ಬರುವುದು 8 ಲಕ್ಷ ಜನ ಅಲ್ಲ, ಒಂದು ವಿಳಾಸ. ಆ ಒಬ್ಬರು ಇನ್ನೂ ಇದರಲ್ಲಿ ಇದ್ದಾರೋ ಇಲ್ಲವೋ ಅನ್ನುವುದೇ ನನಗೆ ಮುಖ್ಯ.

ಕಾರ್ಡ್ ಹೊರಟು 60 ದಿನದಲ್ಲಿ ರಿಜಿಸ್ಟರ್ ಆಗದಿದ್ದರೆ ಅದು ಎಕ್ಸ್‌ಪೈರ್ಡ್ ಪಟ್ಟಿಗೆ ಹೋಗುತ್ತದೆ. ಹಳಬರಿಗೆ ಇದು ಅಷ್ಟು ತಟ್ಟುವುದಿಲ್ಲ. ಕಳಿಸಿದಷ್ಟೂ ಏಕಕಾಲಕ್ಕೆ ಇಟ್ಟುಕೊಳ್ಳಬಹುದಾದ ವಿಳಾಸ ಹೆಚ್ಚುತ್ತಾ ಹೋಗುತ್ತವೆ. ಪೆಟ್ಟು ಬೀಳುವುದು ಹೊಸಬರಿಗೆ. ಅವರಿಗೆ ಮೊದಲು ಸಿಗುವುದೇ ಐದು ವಿಳಾಸ. ಅದರಲ್ಲಿ ಇಬ್ಬರು ಸುಮ್ಮನಿದ್ದರೆ ಎರಡು ತಿಂಗಳು ಆ ಎರಡು ಜಾಗ ಕಟ್ಟಿಹೋಗುತ್ತವೆ. ಹಾಕಿದ ಸ್ಟಾಂಪಿನ ದುಡ್ಡು ಹೋಯಿತು. ರಿಜಿಸ್ಟರ್ ಆಗಲಿಲ್ಲವಾದ್ದರಿಂದ ಅದಕ್ಕೆ ಬದಲಾಗಿ ಬರಬೇಕಿದ್ದ ಕಾರ್ಡೂ ಇಲ್ಲ. ಸ್ಟಾಂಪು, ಪ್ರಿಂಟು ಎಲ್ಲ ಸೇರಿ ಒಂದು ಕಾರ್ಡಿಗೆ ಒಂದು ಮಸಾಲೆ ದೋಸೆಯ ದುಡ್ಡು ಅಂದುಕೊಳ್ಳಿ. ನನ್ನಂಥ ಸಂಬಳದವರಿಗೆ ನಡೆಯುತ್ತದೆ. ಪಾಕೆಟ್ ಮನಿಯಲ್ಲಿ ಕಳಿಸುವ ಹುಡುಗಿಗೆ ಎರಡು ಕಾರ್ಡ್ ಅಂದರೆ ದೊಡ್ಡದೇ.

ಈ ಸುಮ್ಮನಿರುವವರು ಯಾರು? ಎಕ್ಸ್‌ಪೈರ್ಡ್ ಪಟ್ಟಿಯ ಹೆಸರುಗಳನ್ನು ಒಂದೊಂದಾಗಿ ತೆರೆದು ನೋಡುತ್ತಾ ಬಂದಿದ್ದೇನೆ. ಹೆಚ್ಚಿನವರು ಹೊಸಬರೇ. ಬೆರಳೆಣಿಕೆಯ ಕಾರ್ಡ್ ಕಳಿಸಿರುತ್ತಾರೆ. ಬಂದದ್ದು ಸೊನ್ನೆ ಅಂತ ಇರುತ್ತದೆ. ಕೊನೆಗೆ ಸೈಟಿಗೆ ಬಂದು ತಿಂಗಳುಗಳೇ ಆಗಿರುತ್ತವೆ. ಇದು ಯಾಕೆ ಹೀಗೆ ಅನ್ನುವುದು ಈ ಆಟದ ನಡೆಯಲ್ಲೇ ಇದೆ. ಸೇರಿದ ದಿನ ಉತ್ಸಾಹ ಮೇಲಿರುತ್ತದೆ. ಐದೂ ವಿಳಾಸ ಒಟ್ಟಿಗೆ ತೆಗೆದು, ಒಂದೇ ಸಂಜೆ ಐದೂ ಬರೆದು ಹಾಕುತ್ತಾರೆ. ಆಮೇಲೆ ಮಾಡಲು ಕೆಲಸವೇ ಇಲ್ಲ. ಕಾರ್ಡ್ ಸಮುದ್ರ ದಾಟಿ ಮುಟ್ಟಲು ವಾರಗಳು ಬೇಕು. ಅದು ರಿಜಿಸ್ಟರ್ ಆದ ಮೇಲೆ ಅವರ ವಿಳಾಸ ಇನ್ನೊಬ್ಬರಿಗೆ ಹೋಗಬೇಕು. ಆ ಕಾರ್ಡ್ ಬರಲು ಮತ್ತೆ ವಾರಗಳು. ಫೋನಿನಲ್ಲಿ ಎಲ್ಲವೂ ಕ್ಷಣದಲ್ಲಿ ಬರುವ ಕಾಲ ಇದು. ಅಷ್ಟು ದಿನ ಯಾರು ಕಾಯುತ್ತಾರೆ? ಅವರು ಬೇಜಾರಾಗಿ ಬಿಟ್ಟ ಹೊತ್ತಿಗೆ ಸರಿಯಾಗಿ ಅವರ ವಿಳಾಸ ನನ್ನಂಥವರ ಕೈಗೆ ಬರುತ್ತದೆ.

ಹಾಗಾಗಿ ಸದಸ್ಯರು ದಿಢೀರ್ ಜಾಸ್ತಿಯಾದರು ಅಂದರೆ ನನಗೆ ಈಗ ಮೊದಲಿನಷ್ಟು ಸಂತೋಷ ಆಗುವುದಿಲ್ಲ. ಪೋಸ್ಟ್‌ಕ್ರಾಸಿಂಗ್ ಬಗ್ಗೆ ಎಲ್ಲೋ ಒಂದು ರೀಲ್ ಓಡಿದರೆ ಸಾಕು, ಹೊಸಬರು ಗುಂಪಾಗಿ ಬರುತ್ತಾರೆ. ಅಕ್ಟೋಬರ್ 1ರ ವಿಶ್ವ ಪೋಸ್ಟ್‌ಕಾರ್ಡ್ ದಿನದ ಹೊತ್ತಿಗೂ ಹಾಗೇ. ಆ ಉತ್ಸಾಹ ಇಳಿದ ಮೇಲಿನ ಲೆಕ್ಕ ಒಂದೆರಡು ತಿಂಗಳು ಬಿಟ್ಟು ನಮ್ಮ ಎಕ್ಸ್‌ಪೈರ್ಡ್ ಪಟ್ಟಿಯಲ್ಲಿ ಕಾಣುತ್ತದೆ.

ಒಂದು ಹಂತದಲ್ಲಿ ಬಿಟ್ಟೇಬಿಡೋಣ ಅನ್ನಿಸಿತ್ತು. ಮನಸ್ಸು ಬದಲಾದದ್ದು ನಮ್ಮ ಕಾಲೇಜಿನ ಆಫೀಸಿನಲ್ಲಿ.

ಅಲ್ಲಿ ಟಪಾಲಿಗೆ ಅಂತ ಮರದ ಗೂಡುಗಳಿವೆ. ಬೋರ್ಡಿನ ಸುತ್ತೋಲೆ, ಪುಸ್ತಕದ ಕಂಪನಿಗಳ ಪಟ್ಟಿ, ಇಂಥವು ಬಿದ್ದಿರುತ್ತವೆ. ಅದರ ನಡುವೆ ಒಂದು ಕೊಕ್ಕರೆಯ ಚಿತ್ರ ಕಂಡಿತು. ಪೋಲೆಂಡ್‌ನಿಂದ ಬಂದ ಕಾರ್ಡ್. ಮೇಲ್ಗಡೆ ಕನ್ನಡದಲ್ಲಿ "ನಮಸ್ಕಾರ" ಅಂತ ಇತ್ತು. ಅಕ್ಷರ ನೋಡಿ ನೋಡಿ ಬಿಡಿಸಿದ್ದು ಗೊತ್ತಾಗುತ್ತಿತ್ತು, ಸ್ಕ ಒತ್ತಕ್ಷರದ ಹತ್ತಿರ ಪೆನ್ನು ಎರಡು ಸಲ ತಿದ್ದಿತ್ತು. ಹೆಸರು ನಮ್ಮಲ್ಲಿ ಪಿಯು ಮುಗಿಸಿ ಹೋದ ಒಬ್ಬ ವಿದ್ಯಾರ್ಥಿನಿಯದು. ಮನೆಯ ವಿಳಾಸ ಗುರುತಿಲ್ಲದವರಿಗೆ ಕೊಡುವುದು ಬೇಡ ಅಂತ ಮನೆಯವರು ಹೇಳಿದ್ದರಿಂದ ಕಾಲೇಜಿನ ವಿಳಾಸ ಕೊಟ್ಟಿದ್ದಳು. ಪಿಯು ಅಂದರೆ ಎರಡೇ ವರ್ಷ ಅಲ್ವಾ? ಅವಳು ಹೋದಳು, ವಿಳಾಸ ಸೈಟಿನಲ್ಲಿ ಉಳಿಯಿತು.

ನಂಬರ್ ಹುಡುಕಿ ಫೋನ್ ಮಾಡಿದೆ. ಅವಳು ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. "ಮಿಸ್, ನಾ ಮರತ ಬಿಟ್ಟಿದ್ದೆ ನೋಡ್ರಿ. ಮೊದಲ ಕಳಿಸಿದ್ದಕ್ಕ ಒಂದೂ ಬರಲಿಲ್ಲ ಅಂತ ಸುಮ್ನ ಆದೆ," ಅಂದಳು. ನಾನು ಕಾರ್ಡಿನ ನಂಬರ್ ಓದಿದೆ, ಬರೆದದ್ದನ್ನೂ ಓದಿ ಹೇಳಿದೆ. ಅವಳು ಆಗಲೇ ಲಾಗಿನ್ ಆಗಿ ರಿಜಿಸ್ಟರ್ ಮಾಡಿದಳು. ಎಕ್ಸ್‌ಪೈರ್ ಆದ ಕಾರ್ಡನ್ನೂ ಒಂದು ವರ್ಷದೊಳಗೆ ರಿಜಿಸ್ಟರ್ ಮಾಡಬಹುದು. ಆ ನಿಯಮ ಮಾಡಿದವರಿಗೆ ಪುಣ್ಯ ಬರಲಿ. ಪೋಲೆಂಡ್‌ನ ಆ ಹೆಂಗಸಿಗೆ ಎರಡು ತಿಂಗಳ ಹಿಂದೆಯೇ ಕೈಬಿಟ್ಟ ಕಾರ್ಡಿನ ಬಗ್ಗೆ ಒಂದು ದಿನ ಸಂದೇಶ ಬಂತು ಅಂದರೆ ಹೇಗಾಗಿರಬೇಡ!

ನಾನು ಯಾರನ್ನು ಅಸಡ್ಡೆಯವರು ಅಂದುಕೊಂಡಿದ್ದೆನೋ ಅವರಲ್ಲಿ ಎಷ್ಟೋ ಜನ ಈ ಹುಡುಗಿಯಂಥವರೇ ಇರಬೇಕು. ಹಾಸ್ಟೆಲ್ ಬಿಟ್ಟವರು, ಮನೆ ಬದಲಿಸಿದವರು, ಪರೀಕ್ಷೆಯಲ್ಲಿ ಮುಳುಗಿದವರು. ಕೆಲವು ಸಲ ತಪ್ಪು ಅವರದ್ದೇ ಅಲ್ಲ. 2020ರ ಮಾರ್ಚ್‌ನಲ್ಲಿ ಇಲ್ಲಿಂದ ಹೊರದೇಶಕ್ಕೆ ಹೋಗುವ ಟಪಾಲೇ ನಿಂತಿತ್ತು. 2025ರ ಆಗಸ್ಟ್ ಕೊನೆಗೆ ಅಮೆರಿಕದ ಸುಂಕದ ಗೊಂದಲದಲ್ಲಿ ಇಲ್ಲಿಂದ ಅಲ್ಲಿಗೆ ಹೋಗುವ ಟಪಾಲು ನಿಂತು, ಅಕ್ಟೋಬರ್ ಮಧ್ಯದಲ್ಲಿ ಮತ್ತೆ ಶುರುವಾಯಿತು. ಅಂಥ ಹೊತ್ತಿನಲ್ಲಿ 60 ದಿನ ದಾಟಿದ ಕಾರ್ಡಿಗೆ ಯಾರನ್ನು ದೂರುವುದು? ಡೆನ್ಮಾರ್ಕ್‌ನ ಸರ್ಕಾರಿ ಅಂಚೆ ಕಂಪನಿಯಂತೂ 2025ರ ಕೊನೆಗೆ ಪತ್ರ ಹಂಚುವುದನ್ನೇ ಬಿಟ್ಟಿತು. ಅಲ್ಲಿ ಈಗ ಪತ್ರ ಮುಟ್ಟಿಸುವುದು ಖಾಸಗಿ ಕಂಪನಿ.

ಆದರೂ ಒಂದು ಮಾತು ಗಟ್ಟಿಯಾಗಿಯೇ ಹೇಳುತ್ತೇನೆ. ಬಿಡುವವರು ಬಿಡಲಿ, ಹೇಳಿ ಬಿಡಲಿ. ಖಾತೆಯ ಸೆಟ್ಟಿಂಗ್‌ನಲ್ಲಿ ಇನ್‌ಆಕ್ಟಿವ್ ಅಂತ ಮಾಡಿಕೊಳ್ಳುವ ಸೌಲಭ್ಯ ಇದೆ. ಅದನ್ನು ಒತ್ತಿದರೆ ನಿಮ್ಮ ವಿಳಾಸ ಹೊಸದಾಗಿ ಯಾರಿಗೂ ಹೋಗುವುದಿಲ್ಲ. ಆಗಲೇ ಹೊರಟಿರುವ ಕಾರ್ಡ್ ಬಂದರೆ ರಿಜಿಸ್ಟರ್ ಮಾಡಿದರಾಯಿತು. ವಾಪಸ್ ಬರಬೇಕು ಅನ್ನಿಸಿದ ದಿನ ಮತ್ತೆ ಆಕ್ಟಿವ್ ಮಾಡಿಕೊಳ್ಳಬಹುದು. ಪಿಯು ಉತ್ತರ ಪತ್ರಿಕೆ ತಿದ್ದಲು ಹೋಗುವಾಗ ನಾನು ಪ್ರತಿ ವರ್ಷ ಹಾಗೇ ಮಾಡುತ್ತೇನೆ. ಆ ಹುಡುಗಿಯೂ ಫೋನ್ ಇಡುವ ಮುಂಚೆ ಅದನ್ನೇ ಮಾಡಿದಳು.

ಸೈಟಿನವರನ್ನು ಕೇಳುವುದು ಇಷ್ಟೇ. ಈ ಬಟನ್ನನ್ನು ಹೊಸಬರಿಗೆ ಸೇರಿದ ದಿನವೇ ತೋರಿಸಿ. ಐದು ವಿಳಾಸ ಕೊಡುವಾಗ, ನಿಮಗೆ ಮೊದಲ ಕಾರ್ಡ್ ಬರಲು ಒಂದೆರಡು ತಿಂಗಳು ಹಿಡಿಯಬಹುದು ಅಂತ ದಪ್ಪ ಅಕ್ಷರದಲ್ಲಿ ಹೇಳಿ.

ಹೊಸದಾಗಿ ಸೇರುವವರಿಗೆ ನನ್ನ ಸಲಹೆ: ಐದನ್ನೂ ಒಂದೇ ದಿನ ಹಾಕಬೇಡಿ. ವಾರಕ್ಕೊಂದು ಹಾಕಿ. ಆಗ ಕಾಯುವುದು ಬೇಸರ ಆಗುವುದಿಲ್ಲ, ಪ್ರತಿ ವಾರ ಮಾಡಲು ಏನಾದರೂ ಇರುತ್ತದೆ. ಬರುವುದೂ ಹಾಗೇ ಒಂದೊಂದಾಗಿ ಬರುತ್ತದೆ. ಕಾಲೇಜು, ಹಾಸ್ಟೆಲ್ ವಿಳಾಸ ಕೊಟ್ಟಿದ್ದರೆ ಬಿಡುವ ದಿನ ಬದಲಿಸಿ. ತಿಂಗಳಿಗೆ ಒಂದೆರಡು ನೂರು ರೂಪಾಯಿ ತೆಗೆದಿಡಲು ಆಗದಿದ್ದರೆ ಇದಕ್ಕೆ ಕೈ ಹಾಕಬೇಡಿ. ಹೋದ ಕಾರ್ಡಿನ ಸಂಕಟ ಆಗ ಜಾಸ್ತಿ ಆಗುತ್ತದೆ.

ನನ್ನ ಅಂಕ 5ಕ್ಕೆ 4. ಸೈಟಿನ ಮುಖಪುಟದಲ್ಲಿ ಸದಸ್ಯರ ಸಂಖ್ಯೆಯ ಜೊತೆಗೆ ಕಳೆದ ಒಂದು ಗಂಟೆಯಲ್ಲಿ ಎಷ್ಟು ಕಾರ್ಡ್ ಮುಟ್ಟಿದವು ಅಂತಲೂ ಇರುತ್ತದೆ. ಸೇರಬೇಕೋ ಬೇಡವೋ ಅಂತ ಯೋಚಿಸುತ್ತಿದ್ದರೆ 8 ಲಕ್ಷವನ್ನು ಬಿಟ್ಟು ಅದನ್ನು ನೋಡಿ. ಅದು ಯಾವ ಹೊತ್ತಿಗೆ ನೋಡಿದರೂ ನೂರಾರು ಇರುತ್ತದೆ.