ಪುಟ್ಟ ಏಡಿಯ ಹೆಸರು ಹುಡುಕಲು ಹೋಗಿ ‘ವರ್ಮ್ಸ್’ಗೆ ಅಂಟಿಕೊಂಡೆ

ಹೆಸರು ಕೇಳಿ ಹುಳಗಳ ಸೈಟು ಅಂದುಕೊಳ್ಳಬೇಡಿ. ವರ್ಲ್ಡ್ ರಿಜಿಸ್ಟರ್ ಆಫ್ ಮರೀನ್ ಸ್ಪೀಶೀಸ್ ಅನ್ನುವುದರ ಗಿಡ್ಡ ರೂಪ ಅದು. ಕಡಲ ಜೀವಿಗಳ ವೈಜ್ಞಾನಿಕ ಹೆಸರಿಗೆಲ್ಲ ಒಂದು ಖಾತೆ ಪುಸ್ತಕ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಕೂಡ ಬೇಡ.

ಕುಂದಾಪುರದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರ ನೀರು ಇಳಿದಾಗ ಕೆಸರಿನ ಮೇಲೆ ಪುಟ್ಟ ಏಡಿಗಳು ಹೊರಗೆ ಬರುತ್ತವೆ. ಬೆನ್ನು ಎರಡು ಸೆಂ.ಮೀ. ಅಗಲ ಇದ್ದರೆ ಹೆಚ್ಚು. ಗಂಡಿಗೆ ಒಂದು ಕೊಂಡಿ ಮಾತ್ರ ಮೈಗಿಂತ ದೊಡ್ಡದು, ಅದನ್ನು ಎತ್ತಿ ಎತ್ತಿ ಹೆಣ್ಣನ್ನು ಕರೆಯುತ್ತಾ ನಿಲ್ಲುತ್ತದೆ. ಏಡಿ ಅಂದರೆ ತುಳುವಿನಲ್ಲಿ ಡೆಂಜಿ, ಕೊಂಕಣಿಯಲ್ಲಿ ಕುರ್ಲಿ. ಆದರೆ ಇದು ಯಾವ ಏಡಿ? ನನ್ನ ಹಳೆಯ ನೋಟ್ಸಿನಲ್ಲಿ ‘ಯೂಕಾ ಆನ್ಯುಲಿಪೆಸ್’ ಅಂತಿತ್ತು. ಉಂಗುರ ಕಾಲಿನದು ಅಂತ ಅರ್ಥ.

ಅದನ್ನೇ ಟೈಪ್ ಮಾಡಿದೆ. ಈ ಹೆಸರು ಈಗ ಚಾಲ್ತಿಯಲ್ಲಿಲ್ಲ ಅಂತ ಹೇಳಿ, ಸರಿಯಾದ ಹೆಸರಿನ ಲಿಂಕ್ ಕೊಟ್ಟಿತು: ಆಸ್ಟ್ರುಕಾ ಆನ್ಯುಲಿಪೆಸ್ (ಎಚ್. ಮಿಲ್ನ್ ಎಡ್ವರ್ಡ್ಸ್, 1837). ಆ ಬ್ರಾಕೆಟ್ ಸುಮ್ನೆ ಹಾಕಿದ್ದಲ್ಲ ಅಂತ ನನಗೆ ಗೊತ್ತಾಗಿದ್ದೇ ಆವತ್ತು. ಒಳಗಿರುವುದು ಮೊದಲು ಹೆಸರಿಟ್ಟವರ ಹೆಸರು, ವರ್ಷ. ಅವರು ಈ ಏಡಿಯನ್ನು ಬೇರೆ ಕುಲಕ್ಕೆ (ಹತ್ತಿರದ ಜಾತಿಗಳ ಗುಂಪಿಗೆ) ಸೇರಿಸಿದ್ದರು, ಆಮೇಲೆ ಅದು ಮನೆ ಬದಲಿಸಿದೆ ಅಂತ ಅದರ ಅರ್ಥ. ಬ್ರಾಕೆಟ್ ಇಲ್ಲದಿದ್ದರೆ ಇನ್ನೂ ಹುಟ್ಟಿದ ಮನೆಯಲ್ಲೇ ಇದೆ ಅಂತ.

1837ರಲ್ಲಿ ಇದು ಜೆಲಾಸಿಮಸ್ ಕುಲದಲ್ಲಿತ್ತು. ಆಮೇಲೆ ಹೀಗೆ ಗಂಡಿಗೆ ಒಂದು ಕೊಂಡಿ ದೊಡ್ಡದಿರುವ ಫಿಡ್ಲರ್ ಏಡಿಗಳೆಲ್ಲ ಯೂಕಾ ಅನ್ನುವ ಒಂದೇ ದೊಡ್ಡ ಕೂಡು ಕುಟುಂಬಕ್ಕೆ ಹೋದವು, 2016ರಲ್ಲಿ ಆ ಮನೆ ಪಾಲಾಗಿ 11 ಕುಲಗಳಾದವು. ತಮಾಷೆ ಏನೆಂದರೆ ಆ ಪಾಲಿನಲ್ಲಿ ಜೆಲಾಸಿಮಸ್ ಅನ್ನುವ ಹಳೆಯ ಹೆಸರಿಗೂ ಜೀವ ಬಂತು, ಆದರೆ ನಮ್ಮ ಏಡಿ ಮಾತ್ರ ಅಲ್ಲಿಗೆ ವಾಪಸ್ ಹೋಗಲಿಲ್ಲ! ಕುಲ ಇಷ್ಟು ಸಲ ಬದಲಾದರೂ ‘ಆನ್ಯುಲಿಪೆಸ್’ ಅಲ್ಲಾಡಿಲ್ಲ, ನೋಡಿ.

ಫೋಟೋ ಹಾಕಿ ‘ಇದು ಯಾವುದು’ ಅಂತ ಕೇಳುವ ಜಾಗ ಇದಲ್ಲ. ಒಂದು ಹೆಸರು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು. ಪುಟಗಳೂ ಬ್ಯಾಂಕ್ ಪಾಸ್‌ಬುಕ್ ಥರ ಒಣ ಒಣ, ಮಕ್ಕಳಿಗೆ ತೋರಿಸಿದರೆ ಎರಡು ನಿಮಿಷಕ್ಕೆ ಎದ್ದು ಹೋಗುತ್ತಾರೆ. ಆದರೆ ಕಡಲ ತೀರದಲ್ಲಿ ಕಂಡದ್ದನ್ನು ಬರೆದಿಡುವ ಹುಚ್ಚು ಇದ್ದರೆ, ಹಳೆಯ ನೋಟ್ಸ್ ತೆಗೆದು ಒಂದೊಂದೇ ಹೆಸರು ಹಾಕಿ ನೋಡಿ. ನನ್ನದರಲ್ಲಿ ಇನ್ನೂ ನಾಲ್ಕು ಪುಟ ಬಾಕಿ ಇದೆ.

ಐದಕ್ಕೆ ನಾಲ್ಕೂವರೆ.